ಪಾಲಾದ ಮನೆ, ಪಾಲಾಗದ ಮಾಡು

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಕರಾವಳಿಯಲ್ಲಿ, ಪಶ್ಚಿಮಕ್ಕೆ ಅರಬ್ಬೀ ಸಮುದ್ರವೂ ಪೂರ್ವಕ್ಕೆ ಸಹ್ಯಾದ್ರಿಯೂ ಒಂದನ್ನೊಂದು ಸಮೀಪಿಸಿ ನಿಂತಿರುವ ಆ ಇಕ್ಕಟ್ಟಾದ ನೆಲದಲ್ಲಿ, ಗೃಹಸ್ಥನಾದವನು ವರ್ಷಕ್ಕೊಮ್ಮೆ ತಪ್ಪದೆ ತಲೆಯೆತ್ತಿ ನೋಡಬೇಕಾದ ವಸ್ತುವೆಂದರೆ ಅವನ ಮನೆಯ ಮಾಡು. ಜೂನ್ ತಿಂಗಳ ಮೊದಲ ವಾರದ ಹೊತ್ತಿಗೆ ಕಾಲಿಡುವ ನೈಋತ್ಯ ಮಾರುತವು ಸೆಪ್ಟೆಂಬರು ಮುಗಿಯುವುದರೊಳಗಾಗಿ ಇಲ್ಲಿ 3000 ಮಿಲಿಮೀಟರಿಗೆ ಕಡಿಮೆಯಿಲ್ಲದಷ್ಟು ಮಳೆಯನ್ನು ಸುರಿಸಿ ಹೋಗುತ್ತದೆ. ಇದನ್ನೇ ಮನೆಯ ಲೆಕ್ಕಕ್ಕೆ ಇಳಿಸಿ ಹೇಳುವುದಾದರೆ, 100 ಚದರ ಮೀಟರ್ ನೆಲವನ್ನು ಮುಚ್ಚಿದ ಒಂದು ಸಾಧಾರಣ ಮಾಡಿನ ಮೇಲೆ ಒಂದೇ ಮಳೆಗಾಲದಲ್ಲಿ 3 ಲಕ್ಷ ಲೀಟರಿನಷ್ಟು ನೀರು ಬಿದ್ದು ಜಾರಿಹೋಗಬೇಕು. ಅದರಲ್ಲಿ ಸಾವಿರಕ್ಕೆ ಒಂದು ಪಾಲು ಒಳಗೆ ಇಳಿದರೂ 300 ಲೀಟರು ನೀರು ಅಟ್ಟವನ್ನೂ ತೊಲೆಯನ್ನೂ ಗೋಡೆಯ ನೆತ್ತಿಯನ್ನೂ ಸದ್ದಿಲ್ಲದೆ ಸೇರುತ್ತದೆ. ಇಂತಹ ದೇಶದಲ್ಲಿ ಒಂದೇ ಮಾಡಿಗೆ ಇಬ್ಬರು ಒಡೆಯರಿದ್ದು, ಅವರಲ್ಲಿ ಒಬ್ಬನು ಮಾತ್ರ ತನ್ನ ಕಡೆಯ ಹಂಚುಗಳನ್ನು ಬದಲಿಸಲು ಹೊರಟಾಗ ಉದ್ಭವಿಸುವ ಪ್ರಶ್ನೆಗಳು, ದೂರದಿಂದ ನೋಡುವವರಿಗೆ ಕ್ಷುಲ್ಲಕವಾಗಿ ತೋರಿದರೂ, ಅನೇಕ ಕುಟುಂಬಗಳ ನೆಮ್ಮದಿಯನ್ನೂ ಅನೇಕ ಒಳ್ಳೆಯ ಮನೆಗಳ ಆಯುಷ್ಯವನ್ನೂ ನಿರ್ಣಯಿಸುವಂಥವು.

ಇಂತಹ ಮಾಡುಗಳು ಹುಟ್ಟಿಕೊಳ್ಳುವ ಬಗೆ ಮುಖ್ಯವಾಗಿ ಎರಡು. ಚಿರೆಕಲ್ಲಿನ ಗೋಡೆಗಳ ಮೇಲೆ ಉದ್ದಕ್ಕೆ ಚಾಚಿಕೊಂಡ ಅವಿಭಕ್ತ ಕುಟುಂಬದ ಮನೆಯು ಅಣ್ಣತಮ್ಮಂದಿರ ನಡುವೆ ಹಿಸೆಯಾದಾಗ, ತೋಟ ಗದ್ದೆಗಳಿಗೆ ಗಡಿಕಲ್ಲು ನೆಟ್ಟಂತೆ ಮನೆಯ ಒಳಗೊಂದು ಅಡ್ಡಗೋಡೆ ಏಳುತ್ತದೆ, ಒಂದು ಅಡಿಗೆಮನೆ ಎರಡಾಗುತ್ತದೆ, ಜಗುಲಿಯ ನಡುವೆ ಒಂದು ತಡಿಕೆ ಬರುತ್ತದೆ. ಆದರೆ ಮೇಲಿನ ಮಾಡು ಮಾತ್ರ, ಅದನ್ನು ಕೊಯ್ದು ಹಂಚಿಕೊಳ್ಳುವ ಉಪಾಯ ಯಾರಿಗೂ ಹೊಳೆಯದ ಕಾರಣ, ಅಜ್ಜ ಕಟ್ಟಿಸಿದ ಹಾಗೆಯೇ ಉಳಿದುಬಿಡುತ್ತದೆ. ಇನ್ನೊಂದು ಬಗೆ ಪೇಟೆಯದು. ಕುಮಟೆಯ ಮತ್ತು ಹೊನ್ನಾವರದ ಹಳೆಯ ಅಂಗಡಿಸಾಲುಗಳಲ್ಲಿಯೂ, ಭಟ್ಕಳದ ಹಳೆಯ ಊರಿನ ಇರುಕು ಓಣಿಗಳಲ್ಲಿಯೂ, ಒಂದಕ್ಕೊಂದು ಒತ್ತಿಕೊಂಡು ನಿಂತ ಕಟ್ಟಡಗಳು ಸಾಮಾಯಿಕ ಗೋಡೆಯ ಮೇಲೆ ತಮ್ಮ ತಮ್ಮ ತೊಲೆಗಳನ್ನು ಊರಿ, ಮೇಲೆ ಒಂದೇ ನೆತ್ತಿಯ ಕೆಳಗೆ ನಿಂತಿರುವುದನ್ನು ಈಗಲೂ ಕಾಣಬಹುದು. ವಾಟ್ನಿಪತ್ರ, ಎಂದರೆ ಪಾಲುಪತ್ರ, ಬರೆಯುವವರು ಬಾವಿಯ ನೀರಿಗೂ ದಣಪೆಯ ದಾರಿಗೂ ತಪ್ಪದೆ ಒಂದೊಂದು ಸಾಲನ್ನು ಮೀಸಲಿಡುತ್ತಾರೆ. ಮಾಡಿನ ವಿಷಯಕ್ಕೆ ಬಂದಾಗ ಲೇಖನಿ ಮೂಕವಾಗುತ್ತದೆ. ಆ ಮೌನದ ಪರಿಣಾಮವು ಇಪ್ಪತ್ತು ಮೂವತ್ತು ವರ್ಷಗಳ ತರುವಾಯ, ಹಂಚುಗಳು ಮುಪ್ಪಾದಾಗ, ಮಕ್ಕಳ ತಲೆಯ ಮೇಲೆ ಹನಿಹನಿಯಾಗಿ ಬೀಳುತ್ತದೆ.

ಈಗ ನಾವು ಹಂಚೆಂದು ಕರೆಯುವ ವಸ್ತುವೇ ಈ ತೀರಕ್ಕೆ ತೀರ ಹಳೆಯದೇನಲ್ಲ. ಅಡಿಕೆಯ ಸೋಗೆ, ಹೆಣೆದ ತೆಂಗಿನ ಗರಿ, ಹುಲ್ಲು, ಕುಂಬಾರನು ತಿಗರಿಯಲ್ಲಿ ತಿರುಗಿಸಿ ಸೀಳಿದ ಅರ್ಧಚಂದ್ರಾಕೃತಿಯ ನಾಡಹಂಚು, ಇವುಗಳೇ ಬಹುಕಾಲ ಸಾಮಾನ್ಯರ ಮನೆಗಳನ್ನು ಮುಚ್ಚಿದ್ದುವು. ದೇವಾಲಯಗಳನ್ನು ಕಟ್ಟಿಸಿದ ಧನವಂತರು ಮಾತ್ರ ಇದೇ ಇಳಿಜಾರನ್ನು ಶಿಲೆಯಲ್ಲಿ ಕಡೆಯಿಸಿದರು. ಭಟ್ಕಳದ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯನ್ನಾಗಲಿ, ಖೇತಪೈ ನಾರಾಯಣ ದೇವಾಲಯವನ್ನಾಗಲಿ ನೋಡಿದವರು, ಭಾರಿ ಕಲ್ಲುಚಪ್ಪಡಿಗಳನ್ನು ಮೇಲಿನದು ಕೆಳಗಿನದರ ಅಂಚನ್ನು ಮುಚ್ಚುವಂತೆ ಇಳಿಜಾರಾಗಿ ಹೊದೆಸಿದ ಆ ಮಾಡುಗಳನ್ನು ಮರೆಯಲಾರರು. ಸೋಗೆಯ ಮನೆಯ ವಿವೇಕವನ್ನೇ ಕಲ್ಲುಕುಟಿಗರು ಅಲ್ಲಿ ಶಾಶ್ವತಗೊಳಿಸಿದ್ದಾರೆ ಎಂದು ನನಗೆ ಪ್ರತಿಸಲವೂ ಅನ್ನಿಸುತ್ತದೆ. ಸಾಮಾನ್ಯ ಗೃಹಸ್ಥನಿಗೆ ಅಂತಹ ಭದ್ರತೆ ಎಟಕಿದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಆಲ್ಸೇಸ್ ಪ್ರಾಂತದ ಆಲ್ಟ್‌ಕಿರ್ಶ್ ಎಂಬ ಊರಿನ ಗಿಲಾರ್ದೋನಿ ಸಹೋದರರು 1841ರಲ್ಲಿ, ಒಂದರ ಅಂಚು ಇನ್ನೊಂದರ ಅಂಚನ್ನು ಕಚ್ಚಿ ಹಿಡಿಯುವ ಹಂಚಿಗೆ ಪೇಟೆಂಟ್ ಪಡೆದಿದ್ದರು. ಆ ಊರಿಗೆ ಬಹಳ ದೂರವಲ್ಲದ ಬಾಸೆಲ್ ನಗರದ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ನೆಲೆಸಿದರು; ಮುಂದೆ ಅದೇ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟನು 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ, ಆ ನದಿಯ ಜೇಡಿಮಣ್ಣನ್ನೇ ಬಳಸಿ, ಅದೇ ಕುಲದ ಹಂಚನ್ನು ಒತ್ತಿಸಿ ಸುಡಿಸಿದನು. ಮುಂದೆ ಅನೇಕ ಕಾರ್ಖಾನೆಗಳು ಎದ್ದುವು. ಮಂಗಳೂರು ಹಂಚು ಹಡಗುಗಳನ್ನೇರಿ ಮುಂಬಯಿಗೂ ಏಡನ್ನಿಗೂ ಆಫ್ರಿಕದ ಪೂರ್ವತೀರಕ್ಕೂ ಹೋಯಿತು. ನಮ್ಮ ಮೂರು ತಾಲ್ಲೂಕುಗಳ ಹಳೆಯ ಮನೆಗಳಿಂದ ಇಳಿಸಿದ ಹಂಚುಗಳನ್ನು ಮಗುಚಿ ನೋಡಿದರೆ ತಯಾರಕರ ಮುದ್ರೆ, ಒಮ್ಮೊಮ್ಮೆ ಇಸವಿ ಕೂಡ, ಇನ್ನೂ ಸ್ಪಷ್ಟವಾಗಿ ಓದಬರುತ್ತದೆ. ಈ ಮುದ್ರೆಯನ್ನು ಕುತೂಹಲಕ್ಕಾಗಿ ಮಾತ್ರ ನಾನು ಇಲ್ಲಿ ಪ್ರಸ್ತಾಪಿಸಿಲ್ಲ; ಅರ್ಧ ಮಾಡನ್ನು ಬದಲಿಸುವವನಿಗೆ ಅದು ಅತ್ಯಂತ ಪ್ರಯೋಜನದ ಸಂಗತಿಯೆಂಬುದು ಮುಂದೆ ತಿಳಿದುಬರುತ್ತದೆ.

ಹಂಚಿನ ರಚನೆಯನ್ನು ಸ್ವಲ್ಪ ಸಾವಧಾನವಾಗಿ ಗಮನಿಸಬೇಕು. ಅದರ ಅಡಿಯಲ್ಲಿ, ಮೇಲ್ತುದಿಯ ಬಳಿ, ಎರಡು ಗೂಟಗಳಿರುತ್ತವೆ. ಅವು ಪಕಾಸಿಗಳ ಮೇಲೆ ಅಡ್ಡಲಾಗಿ ಹೊಡೆದ ರೀಪನ್ನು ಹಿಡಿದುಕೊಂಡು ಹಂಚು ಜಾರದಂತೆ ಕಾಯುತ್ತವೆ. ಒಂದು ಪಕ್ಕದ ಅಂಚಿನಲ್ಲಿ ತೋಡು, ಇನ್ನೊಂದು ಪಕ್ಕದ ಅಂಚಿನಲ್ಲಿ ಏಣು. ಒಂದರ ಏಣು ನೆರೆಯ ಹಂಚಿನ ತೋಡಿನ ಮೇಲೆ ಕುಳಿತಾಗ ಸಂದಿನಲ್ಲಿ ನುಸುಳಿದ ನೀರು ಆ ತೋಡಿನಲ್ಲಿಯೇ ಕೆಳಗಿಳಿದು, ಮುಂದಿನ ಹಂಚಿನ ಬೆನ್ನಿನ ಮೇಲೆ ಬೀಳುತ್ತದೆ. ಆದಕಾರಣ ಹಂಚನ್ನು ಸೂರಿನಿಂದ ಆರಂಭಿಸಿ ಮೇಲಕ್ಕೂ, ಒಂದೇ ಪಕ್ಕದಿಂದ ಆರಂಭಿಸಿ ಇನ್ನೊಂದು ಪಕ್ಕಕ್ಕೂ ಹೊದೆಸಬೇಕಾಗುತ್ತದೆಯೇ ಹೊರತು ಮನಬಂದ ಕಡೆಯಿಂದ ಹೊದೆಸಲಾಗುವುದಿಲ್ಲ. ಇದರ ಫಲಿತಾರ್ಥವನ್ನು ಹಂಚಿಕೊಂಡ ಮಾಡಿಗೆ ಅನ್ವಯಿಸಿ ನೋಡಿ: ಗಡಿಯ ಮೇಲಿನ ಹಂಚಿನ ಸಾಲಿನಲ್ಲಿ ಒಬ್ಬನ ಹಂಚು ಇನ್ನೊಬ್ಬನ ಹಂಚಿನ ಕೆಳಗೆ ಅಡಗಿರುತ್ತದೆ, ನೆರೆಯವನ ಕೊನೆಯ ಸಾಲನ್ನು ಎತ್ತದೆ ತನ್ನ ಮೊದಲ ಸಾಲನ್ನು ತೆಗೆಯುವುದು ಅಸಾಧ್ಯ. ಕಾಗದದ ಮೇಲೆ ಎಳೆದ ಗೆರೆ ಎಷ್ಟೇ ನೇರವಾಗಿದ್ದರೂ ಹಂಚಿನ ಮೇಲೆ ಅದು ಒಂದು ಗೇಣಿನಷ್ಟು ಅಗಲವಾಗಿ, ಇಬ್ಬರಿಗೂ ಸೇರಿದ ಪಟ್ಟಿಯಾಗಿ ಉಳಿಯುತ್ತದೆ.

ಒಬ್ಬನ ಕಡೆ ಮಾತ್ರ ಹಂಚು ಕೆಡುವುದೇಕೆ ಎಂದು ಕೇಳುವವರುಂಟು. ಪಾಲು ನೆತ್ತಿಯ ಗುಂಟ ನಡೆದು, ಒಬ್ಬನಿಗೆ ಪಡುವಣ ಇಳಿಜಾರೂ ಇನ್ನೊಬ್ಬನಿಗೆ ಮೂಡಣ ಇಳಿಜಾರೂ ಬಂದಿದ್ದರೆ ಉತ್ತರ ಸುಲಭವಾಗಿದೆ: ಕಡಲ ಗಾಳಿಯೂ ಉಪ್ಪಿನ ತೇವವೂ ಮಳೆಯ ಹೊಡೆತವೂ ಪಡುವಣ ಮುಖಕ್ಕೇ ಹೆಚ್ಚು. ಪಾಲು ನೆತ್ತಿಗೆ ಅಡ್ಡಲಾಗಿ ನಡೆದಿದ್ದರೂ ಕಾರಣಗಳಿಗೆ ಕೊರತೆಯಿಲ್ಲ. ಒಂದು ಕಡೆ ತೆಂಗಿನ ಮರವು ಮಾಡಿನ ಮೇಲೆ ಬಾಗಿರುತ್ತದೆ, ಒಂದು ಕಡೆ ಹಲಸಿನ ನೆರಳಿನಲ್ಲಿ ಪಾಚಿ ದಪ್ಪವಾಗಿ ಬೆಳೆದು ಹಂಚನ್ನು ವರ್ಷದ ಬಹುಭಾಗ ಒದ್ದೆಯಾಗಿಡುತ್ತದೆ, ಮಂಗಗಳು ಹಣ್ಣಿನ ಮರದ ಕಡೆಯಿಂದಲೇ ಧುಮುಕುತ್ತವೆ. ಎಲ್ಲಕ್ಕಿಂತ ಹೆಚ್ಚಿನ ಕಾರಣ ಮನುಷ್ಯನ ಅನುಪಸ್ಥಿತಿ. ಭಟ್ಕಳದ ಅನೇಕ ಕುಟುಂಬಗಳ ಗಂಡಸರು ದುಬೈ ಮುಂತಾದ ಕೊಲ್ಲಿಯ ಊರುಗಳಲ್ಲಿದ್ದಾರೆ. ಕುಮಟಾ ಹೊನ್ನಾವರಗಳ ಮಕ್ಕಳು ಮುಂಬಯಿಯಲ್ಲಿಯೋ ಬೆಂಗಳೂರಿನಲ್ಲಿಯೋ ನೆಲೆಸಿದ್ದಾರೆ. ಬೇಸಗೆಯಲ್ಲಿ ಹಂಚು ಕೈಯಾಡಿಸಿ, ಸರಿದುದನ್ನು ಕೂರಿಸಿ, ಒಡೆದುದನ್ನು ಬದಲಿಸುವ ವಾರ್ಷಿಕ ಪರಿಚರ್ಯೆ ನಿಂತುಹೋದ ಮನೆಯ ಮಾಡು ಹತ್ತು ಮಳೆಗಾಲಗಳಲ್ಲಿ ಇಪ್ಪತ್ತು ವರ್ಷಗಳ ಮುಪ್ಪನ್ನು ಪಡೆಯುತ್ತದೆ. ವಾಸವಿರುವ ಪಕ್ಕದ ಅರ್ಧವೋ ಆರೋಗ್ಯವಾಗಿಯೇ ಇರುತ್ತದೆ.

ಹೀಗೆ ಒಂದು ಅರ್ಧವನ್ನು ಮಾತ್ರ ಬದಲಿಸಲು ಹೊರಟವನಿಗೆ ಎದುರಾಗುವ ಮೊದಲ ತೊಡಕು ಅಳತೆಯದು. ಸಾಮಾನ್ಯ ಮಂಗಳೂರು ಹಂಚಿಗೆ ರೀಪಿನಿಂದ ರೀಪಿಗೆ ಸುಮಾರು 32 ಸೆಂಟಿಮೀಟರ್ ಅಂತರ ಬೇಕು. ಆದರೆ ಒಂದು ಕಾರ್ಖಾನೆಯ ಅಚ್ಚಿಗೂ ಇನ್ನೊಂದರ ಅಚ್ಚಿಗೂ, ಹಳೆಯ ಅಚ್ಚಿಗೂ ಹೊಸ ಅಚ್ಚಿಗೂ, ಕೆಲವು ಮಿಲಿಮೀಟರುಗಳ ವ್ಯತ್ಯಾಸವಿರುತ್ತದೆ. ಒಂದು ಸಾಲಿಗೆ 5 ಮಿಲಿಮೀಟರ್ ಎಂದಿಟ್ಟುಕೊಂಡರೂ ಸೂರಿನಿಂದ ನೆತ್ತಿಗೆ 20 ಸಾಲು ಏರುವಷ್ಟರಲ್ಲಿ ಅದು 10 ಸೆಂಟಿಮೀಟರಾಗಿ, ಹೊಸ ಹಂಚಿನ ಸಾಲೂ ಹಳೆಯ ಹಂಚಿನ ಸಾಲೂ ಗಡಿಯಲ್ಲಿ ಒಂದಕ್ಕೊಂದು ತಪ್ಪಿ ನಿಲ್ಲುತ್ತವೆ. ಏಣು ತೋಡನ್ನು ಸೇರುವುದಿಲ್ಲ. ಈ ಕಾರಣದಿಂದಲೇ, ಏನನ್ನೂ ಕೊಳ್ಳುವುದಕ್ಕೆ ಮೊದಲು ಹಳೆಯ ಹಂಚೊಂದನ್ನು ಇಳಿಸಿ, ಮಗುಚಿ, ಮುದ್ರೆಯನ್ನು ಓದಿ, ಅದನ್ನೇ ಮಾದರಿಯಾಗಿ ಕೈಯಲ್ಲಿ ಹಿಡಿದು ಹೋಗಬೇಕು. ಅದೇ ಮುದ್ರೆಯ ಹಂಚು ಹೊಸದಾಗಿ ದೊರೆಯದಿದ್ದರೆ, ಕೆಡವಿದ ಮನೆಗಳ ಹಂಚನ್ನು ರಾಶಿಹಾಕಿ ಮಾರುವವರಲ್ಲಿ ಹುಡುಕಬಹುದು. ಬೆರಳಗೆಣ್ಣಿನಿಂದ ತಟ್ಟಿದಾಗ ಕಂಚಿನಂತೆ ಖಣಿಲೆನ್ನುವ ಹಳೆಯ ಹಂಚು, ಮಂಕಾಗಿ ಸದ್ದು ಮಾಡುವ ಹೊಸ ಹಂಚಿಗಿಂತ ಸಾವಿರ ಪಾಲು ಮೇಲು. ವಯಸ್ಸನ್ನು ನೋಡಿ ಹಂಚನ್ನು ತಿರಸ್ಕರಿಸುವುದು ಅವಿವೇಕ.

ಹೊಂದುವ ಹಂಚು ಎಲ್ಲಿಯೂ ದೊರೆಯದಿದ್ದಾಗ ಬೆಸುಗೆಯ ಪ್ರಶ್ನೆ ಏಳುತ್ತದೆ. ನನ್ನ ದೃಷ್ಟಿಯಲ್ಲಿ ಈ ಇಡೀ ವಿಷಯದ ಮರ್ಮವಿರುವುದು ಅಲ್ಲಿಯೇ. ಬಹಳ ಮಂದಿ ಮಾಡುವುದೇನೆಂದರೆ, ಎರಡು ಬಗೆಯ ಹಂಚುಗಳ ನಡುವಣ ಸಂದಿಗೆ ಸಿಮೆಂಟಿನ ಗಾರೆಯನ್ನು ದಪ್ಪವಾಗಿ ಮೆತ್ತಿ ಕೈತೊಳೆದುಕೊಳ್ಳುವುದು. ಬೇಸಗೆಯ ಬಿಸಿಲಿಗೆ ಹಂಚು ಹಿಗ್ಗುತ್ತದೆ, ಅದರ ಕೆಳಗಿನ ಮರ ಒಣಗಿ ಕುಗ್ಗುತ್ತದೆ, ಮಳೆಯಲ್ಲಿ ಆ ಮರವೇ ನೀರುಂಡು ಉಬ್ಬುತ್ತದೆ. ಜಡವಾದ ಸಿಮೆಂಟು ಈ ಚಲನೆಯನ್ನು ತಾಳಲಾರದೆ ಕೂದಲೆಳೆಯಷ್ಟು ಬಿರಿಯುತ್ತದೆ, ಆ ಬಿರುಕು ನೀರನ್ನು ಹೊರಗೆ ಬಿಡದೆ ಒಳಕ್ಕೆ ಎಳೆಯುತ್ತದೆ. ಮುಂದೆ ಅದನ್ನು ಕೀಳಹೋದರೆ ಎರಡು ಕಡೆಯ ಹಂಚುಗಳೂ ಸಿಮೆಂಟಿನೊಡನೆಯೇ ಮುರಿದು ಬರುತ್ತವೆ. ಒಂದೇ ನೆತ್ತಿಯ ಕೆಳಗೆ ಎರಡೆರಡು ಮನೆಗಳು ಜೋಡಿಯಾಗಿರುವುದು ಸರ್ವಸಾಧಾರಣವಾದ ಇಂಗ್ಲೆಂಡಿನಲ್ಲಿ ಇದೇ ಸಮಸ್ಯೆಯನ್ನು ಬೇರೊಂದು ರೀತಿಯಲ್ಲಿ ಬಗೆಹರಿಸಿದ್ದಾರೆ. ಒಬ್ಬನು ಹಳೆಯ ಸ್ಲೇಟುಕಲ್ಲನ್ನು ಉಳಿಸಿಕೊಂಡು ಇನ್ನೊಬ್ಬನು ಹಂಚನ್ನು ಹೊದೆಸಿದಾಗ, ಎರಡರ ಗಡಿಯ ಅಡಿಯಲ್ಲಿ ನೆತ್ತಿಯಿಂದ ಸೂರಿನವರೆಗೆ ಒಂದು ಇಕ್ಕಟ್ಟಾದ ದೋಣಿಯನ್ನು ಇಳಿಸಿ, ಎರಡು ಕಡೆಯ ಹೊದಿಕೆಯ ಅಂಚುಗಳನ್ನೂ ಅದರ ಮೇಲೆ ಚಾಚಿಸುತ್ತಾರೆ. ಸಂದಿನಲ್ಲಿ ಇಳಿದ ನೀರು ಆ ಗುಪ್ತವಾದ ದೋಣಿಯಲ್ಲಿ ಹರಿದು ಹೊರಬೀಳುತ್ತದೆ. ನಮ್ಮ ಮಾಡಿನ ಕೆಲಸದವರು ಎರಡು ಇಳಿಜಾರುಗಳು ಕೂಡುವ ಮೂಲೆಯಲ್ಲಿ ದೋಣಿತಗಡನ್ನು ಕೂರಿಸುವುದರಲ್ಲಿ ನಿಪುಣರು; ಅದೇ ಕೌಶಲವನ್ನು ಗಡಿಯ ರೇಖೆಯ ಕೆಳಗೆ ಪ್ರಯೋಗಿಸುವುದು ಅವರಿಗೆ ಕಷ್ಟವಲ್ಲ. ಕಡಲ ಗಾಳಿಗೆ ಸತು ಬಳಿದ ಕಬ್ಬಿಣದ ತಗಡು ಬೇಗನೆ ತುಕ್ಕುಹಿಡಿಯುವುದರಿಂದ, ತುಸು ವೆಚ್ಚ ಹೆಚ್ಚಾದರೂ ತಾಮ್ರ ಅಥವಾ ತುಕ್ಕುಹಿಡಿಯದ ಉಕ್ಕಿನ ತಗಡನ್ನು ಆರಿಸಬೇಕು. ಅಲ್ಯೂಮಿನಿಯಂ ಸುಣ್ಣಕ್ಕೂ ಸಿಮೆಂಟಿಗೂ ತಗುಲಿದಲ್ಲಿ ತಿಂದುಹೋಗುತ್ತದೆ. ದೋಣಿಯಲ್ಲಿ ಮಾವಿನ ಹಲಸಿನ ಎಲೆಗಳು ಕಟ್ಟಿಕೊಳ್ಳದಂತೆ ವರ್ಷಕ್ಕೊಮ್ಮೆ ಗುಡಿಸುವ ಹೊಣೆ ಯಾರದೆಂಬುದನ್ನು ತಗಡು ಕೂರಿಸುವ ದಿನವೇ ಮಾತಾಡಿಕೊಳ್ಳುವುದು ಲೇಸು.

ನೆತ್ತಿಯೇ ಗಡಿಯಾಗಿರುವ ಮಾಡಿನಲ್ಲಿ ಬೆಸುಗೆಯ ತೊಡಕು ಕಡಿಮೆ, ಏಕೆಂದರೆ ನೆತ್ತಿಯ ಹಂಚು ಎರಡು ಬಗೆಯ ಹಂಚುಗಳನ್ನೂ ಪಕ್ಷಪಾತವಿಲ್ಲದೆ ಮುಚ್ಚುತ್ತದೆ. ಅದನ್ನು ಸುಣ್ಣದ ಗಾರೆಯಲ್ಲಿ ಕೂರಿಸಿದರೆ ಮುಂದಿನ ತಲೆಮಾರು ಅದನ್ನು ಮುರಿಯದೆ ಎತ್ತಬಹುದು. ಅಘನಾಶಿನಿಯ ಅಳಿವೆಯ ಬಳಚಿನ ಚಿಪ್ಪನ್ನು ಸುಟ್ಟು ಸುಣ್ಣ ಮಾಡುವುದನ್ನು ಬಲ್ಲ ಸೀಮೆಯಲ್ಲಿ ಈ ಮಾತನ್ನು ಹೇಳಬೇಕಾಗಿ ಬಂದಿರುವುದೇ ಖೇದಕರ. ಆದರೆ ಈ ಬಗೆಯ ಮಾಡಿನಲ್ಲಿ ಬೇರೊಂದು ಅಪಾಯವಿದೆ. ಒಂದು ಹಂಚಿನ ತೂಕ ಎರಡರಿಂದ ಎರಡೂವರೆ ಕಿಲೋಗ್ರಾಂ. ಒಂದು ಚದರ ಮೀಟರಿಗೆ ಸುಮಾರು 15 ಹಂಚು. ಎಂದರೆ 60 ಚದರ ಮೀಟರಿನ ಒಂದು ಇಳಿಜಾರಿನ ಮೇಲೆ ಎರಡು ಟನ್ನಿನಷ್ಟು ಭಾರ ಕುಳಿತಿರುತ್ತದೆ. ಎರಡು ಕಡೆಯ ಪಕಾಸಿಗಳು ನೆತ್ತಿಯಲ್ಲಿ ಒಂದಕ್ಕೊಂದು ತಲೆಯೊಡ್ಡಿ, ಪರಸ್ಪರ ಒತ್ತಡದಿಂದಲೇ ನಿಂತಿರುವ ಹಳೆಯ ಮಾಡುಗಳಲ್ಲಿ, ಒಂದು ಕಡೆಯ ಎರಡು ಟನ್ನನ್ನು ಒಂದೇ ದಿನದಲ್ಲಿ ಇಳಿಸಿಬಿಟ್ಟರೆ ಇನ್ನೊಂದು ಕಡೆಯ ಭಾರವು ನೆತ್ತಿಯನ್ನು ಬರಿದಾದ ಕಡೆಗೆ ತಳ್ಳುತ್ತದೆ. ಮರ ಗಟ್ಟಿಯಾಗಿದ್ದರೆ ಒಂದಿಷ್ಟು ವಾಲಿ ನಿಲ್ಲುತ್ತದೆ, ಗೆದ್ದಲು ತಿಂದ ಸಂದುಗಳಿದ್ದರೆ ನಿಲ್ಲುವುದಿಲ್ಲ. ನೆತ್ತಿಯ ತೊಲೆಯನ್ನು ಗೋಡೆಗಳೋ ಕಂಬಗಳೋ ಹೊತ್ತಿರುವ ಮನೆಗಳಲ್ಲಿ ಈ ಭಯ ಕಡಿಮೆ. ಆದ್ದರಿಂದ ಹಂಚಿಗೆ ಕೈ ಹಚ್ಚುವ ಮೊದಲು ಅಟ್ಟಕ್ಕೆ ಹತ್ತಿ, ನೆತ್ತಿ ಯಾವುದರ ಮೇಲೆ ನಿಂತಿದೆಯೆಂಬುದನ್ನು ಅನುಭವಸ್ಥನಾದ ಆಚಾರಿಯಿಂದ ಪರೀಕ್ಷಿಸಿ, ಅನುಮಾನವಿದ್ದರೆ ಊರೆಗಂಬ ಕೊಟ್ಟು, ಹಂಚನ್ನು ನೆತ್ತಿಯಿಂದ ಸೂರಿಗೆ, ಅಷ್ಟಷ್ಟೇ ಅಗಲದ ಪಟ್ಟಿಗಳಾಗಿ ಇಳಿಸಿ, ಒಂದು ಪಟ್ಟಿಯ ರೀಪು ಪಕಾಸಿಗಳನ್ನು ಸರಿಪಡಿಸಿ ಮತ್ತೆ ಹೊದೆಸಿದ ನಂತರವೇ ಇನ್ನೊಂದನ್ನು ಬಿಚ್ಚಬೇಕು.

ಹಂಚಿನ ಗೊಡವೆಯೇ ಬೇಡವೆಂದು ತನ್ನ ಅರ್ಧಕ್ಕೆ ತಗಡನ್ನು ಹೊದೆಸುವವರೂ, ಅರ್ಧವನ್ನು ಕೆಡವಿ ಕಾಂಕ್ರೀಟಿನ ತಾರಸಿ ಹಾಕುವವರೂ ಈಗ ಹೆಚ್ಚುತ್ತಿದ್ದಾರೆ. ಅವರವರ ಅನುಕೂಲವನ್ನು ನಾನು ಹಳಿಯಲಾರೆ; ಹಂಚಿನ ಕೆಲಸ ಬಲ್ಲ ಕೈಗಳು ವರ್ಷವರ್ಷಕ್ಕೆ ವಿರಳವಾಗುತ್ತಿರುವಾಗ ತಗಡಿನ ಆಕರ್ಷಣೆ ಸಹಜವಾದದ್ದೇ. ಆದರೆ ಉಳಿದ ಅರ್ಧದ ಗತಿಯನ್ನು ಅವರು ನೆನೆಯಬೇಕು. ಇಳಿಜಾರಾದ ಮಾಡಿನ ನಡುವೆ ಒಂದು ಗೋಡೆ ಎದ್ದು ನಿಂತರೆ, ಆ ಗೋಡೆಗೆ ಬಡಿದ ಮಳೆಯೆಲ್ಲವೂ ನೆರೆಯವನ ಹಂಚಿನ ಅಂಚಿಗೆ ಇಳಿಯುತ್ತದೆ. ಅಲ್ಲಿ ಗೋಡೆಯೊಳಗೆ ಕೊರೆದು ಕೂರಿಸಿದ ತಗಡಿನ ಮಡಿಕೆಯಿಲ್ಲದಿದ್ದರೆ ಸಾಮಾಯಿಕ ಗೋಡೆ ಮೇಲಿನಿಂದ ಕೆಳಗಿನವರೆಗೆ ನೆನೆದು, ಅದರ ಮೇಲೆ ಊರಿದ ತೊಲೆಗಳ ತುದಿ ಕೊಳೆಯತೊಡಗುತ್ತದೆ. ಕೆಡವಿದವನ ಮನೆ ಹೊಸದಾಯಿತು, ಉಳಿಸಿಕೊಂಡವನ ಮನೆ ಹಾಳಾಯಿತು ಎಂಬ ಸ್ಥಿತಿಯನ್ನು ಈ ಊರುಗಳಲ್ಲಿ ಕಾಣುವಾಗ, ಆ ಎರಡನೆಯ ಮನೆಯ ಜಗುಲಿಯಲ್ಲಿ ಕುಳಿತ ವೃದ್ಧರ ಅಸಹಾಯತೆ ಮನಸ್ಸನ್ನು ಕಲಕುತ್ತದೆ.

ಕಾಯಿದೆ ಇಲ್ಲಿ ಏನನ್ನುತ್ತದೆಂಬುದನ್ನು ಸಂಕ್ಷೇಪವಾಗಿ ಹೇಳಬಹುದು. ಉತ್ತರ ಕನ್ನಡವು 1862ರಲ್ಲಿ ಮದರಾಸಿನಿಂದ ಮುಂಬಯಿ ಅಧಿಪತ್ಯಕ್ಕೆ ಸೇರಿದ ಕಾರಣ, ಮದರಾಸಿಗೆ 1882ರಲ್ಲಿಯೇ ಅನ್ವಯಿಸಿದ ಭಾರತೀಯ ಅನುಭೋಗ ಹಕ್ಕುಗಳ ಕಾಯಿದೆಯು ಈ ಸೀಮೆಗೆ ಬಂದದ್ದು 1891ರಲ್ಲಿ, ಮುಂಬಯಿಗೆ ಅದನ್ನು ವಿಸ್ತರಿಸಿದಾಗ. ಅದರ 13ನೆಯ ಕಲಮಿನ ಪ್ರಕಾರ, ಸಾಮಾಯಿಕವಾದ ಆಸ್ತಿಯು ಪಾಲಾದಾಗ ಒಬ್ಬನ ಪಾಲಿನ ಅನುಭವಕ್ಕೆ ಇನ್ನೊಬ್ಬನ ಪಾಲಿನ ಮೇಲೆ ಯಾವುದಾದರೂ ಹಕ್ಕು ಅನಿವಾರ್ಯವಾಗಿದ್ದರೆ, ಪತ್ರದಲ್ಲಿ ಬರೆಯದಿದ್ದರೂ ಆ ಹಕ್ಕು ಅವನಿಗೆ ಸಲ್ಲುತ್ತದೆ. ಸೂರುನೀರನ್ನು ನೆರೆಯವನ ನೆಲಕ್ಕೆ ಬಿಡುವಂತಹ ರೂಢಿಯು ಶಾಂತವಾಗಿ, ಬಹಿರಂಗವಾಗಿ, ಹಕ್ಕಿನಿಂದೆಂಬಂತೆ 20 ವರ್ಷ ಅಡೆತಡೆಯಿಲ್ಲದೆ ನಡೆದುಬಂದಿದ್ದರೆ 15ನೆಯ ಕಲಮು ಅದನ್ನು ಕಾಪಾಡುತ್ತದೆ. 24ನೆಯ ಕಲಮು, ಹಕ್ಕುಳ್ಳವನು ಅದರ ಅನುಭವಕ್ಕೆ ಅವಶ್ಯವಾದ ಕೆಲಸಗಳನ್ನು ಮಾಡಬಹುದೆಂದು ಹೇಳಿ, ಇನ್ನೊಬ್ಬನಿಗೆ ಆದಷ್ಟು ಕಡಿಮೆ ತೊಂದರೆಯಾಗುವ ಕಾಲದಲ್ಲಿ ಮತ್ತು ರೀತಿಯಲ್ಲಿ ಮಾಡಬೇಕೆಂದೂ, ಆದ ಹಾನಿಯನ್ನು ಸಾಧ್ಯವಾದಷ್ಟು ಸರಿಪಡಿಸಬೇಕೆಂದೂ ನಿಯಮಿಸುತ್ತದೆ. ವೆಚ್ಚದ ವಿಷಯದಲ್ಲಿ 1872ರ ಕರಾರು ಕಾಯಿದೆಯ 70ನೆಯ ಕಲಮು, ಧರ್ಮಾರ್ಥವಾಗಿ ಅಲ್ಲದೆ ನ್ಯಾಯವಾಗಿ ಮಾಡಿದ ಕೆಲಸದ ಪ್ರಯೋಜನವನ್ನು ಇನ್ನೊಬ್ಬನು ಅನುಭವಿಸಿದರೆ ಅವನು ಪರಿಹಾರ ಕೊಡಬೇಕೆನ್ನುತ್ತದೆ. ಆದರೂ ಹಂಚಿನ ನಾಲ್ಕು ಸಾಲಿಗಾಗಿ ಹೊನ್ನಾವರದ ಅಥವಾ ಕುಮಟೆಯ ಕೋರ್ಟಿನ ಮೆಟ್ಟಿಲನ್ನು ಹತ್ತಿದವರ ಮಾಡು, ತೀರ್ಪು ಬರುವವರೆಗೆ ಒದ್ದೆಯಾಗುವುದನ್ನು ಬಿಡುವುದಿಲ್ಲ.

ಪಡುವಣ ಇಳಿಜಾರಿನವನು ತಾನೊಬ್ಬನೇ ವೆಚ್ಚ ಹೊರಬೇಕೆ ಎಂಬುದರ ಬಗ್ಗೆ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಅವನು ತಾಳಿಕೊಂಡ ಮಳೆಯು ಇಡೀ ಮನೆಗೆ ಬಂದ ಮಳೆ. ಅವನ ಇಳಿಜಾರು ಮುಂದೆ ನಿಂತು ತಡೆದುದರಿಂದಲೇ ಮೂಡಣದವನ ಇಳಿಜಾರು ಚೆನ್ನಾಗಿ ಉಳಿದಿದೆ. ಹಂಚಿನ ಬೆಲೆಯನ್ನು ಅವನು ಕೊಡಲಿ. ನೆತ್ತಿಯ ಹಂಚು, ಬೆಸುಗೆಯ ದೋಣಿ, ಸಾಮಾಯಿಕ ಗೋಡೆಯ ಮೇಲಿನ ಮರ, ಇವುಗಳ ವೆಚ್ಚವನ್ನು ಇಬ್ಬರೂ ಸಮನಾಗಿ ಹೊರುವುದೇ ಧರ್ಮ. ಇಳಿಸಿದ ಹಂಚಿನಲ್ಲಿ ಗಟ್ಟಿಯಾಗಿರುವುದನ್ನು ಆಯ್ದು ನೆರೆಯವನ ಕಡೆಯ ಒಡಕುಗಳಿಗೆ ಕೊಡುವುದು ಕೂಡ ಈ ಲೆಕ್ಕದಲ್ಲಿಯೇ ಸೇರಬಹುದು. ಅವನಿಗೆ ಆ ಅಚ್ಚಿನ ಹಂಚು ಬೇರೆಲ್ಲಿಯೂ ಸಿಕ್ಕಲಾರದು.

ದೂರದೇಶದಲ್ಲಿರುವ ಪಾಲುಗಾರನ ಒಪ್ಪಿಗೆಯನ್ನು ಪತ್ರದ ಮೂಲಕವೋ ಈಗಿನ ಕಾಲದಲ್ಲಿ ವಾಟ್ಸ್ಆ್ಯಪಿನ ಮೂಲಕವೋ ಮಾಘಮಾಸದೊಳಗೆ ಬರಹದಲ್ಲಿ ಪಡೆದು, ಕೆಲಸದ ಮೊದಲು ಎರಡು ಕಡೆಯ ಒಳಮಾಡಿನ ಛಾಯಾಚಿತ್ರಗಳನ್ನು ತೆಗೆದಿಟ್ಟುಕೊಂಡರೆ, ಹಳೆಯ ಸೋರಿಕೆ ಯಾವುದು ಹೊಸದು ಯಾವುದೆಂಬ ವಾಗ್ವಾದಕ್ಕೆ ಎಡೆಯಿರುವುದಿಲ್ಲ. ಏಪ್ರಿಲಿನಲ್ಲಿ ಹಂಚನ್ನು ಬಿಚ್ಚಿದವನಿಗೆ ರೀಪುಗಳನ್ನು ಬದಲಿಸಲು, ಮರವನ್ನು ಒಣಗಿಸಲು, ಗೆದ್ದಲಿನ ಔಷಧ ಬಳಿಯಲು ಅವಕಾಶವಿರುತ್ತದೆ. ಮೇ ತಿಂಗಳ ಕೊನೆಗೆ, ರೋಹಿಣಿ ನಕ್ಷತ್ರದ ಸಿಡಿಲಮಳೆ ಯಾವ ಸಂಜೆ ಬೇಕಾದರೂ ಬರುವ ಕಾಲದಲ್ಲಿ ಬಿಚ್ಚಿದವನಿಗೆ ಅದು ಯಾವುದೂ ಇರುವುದಿಲ್ಲ, ಆಗ ಕೆಲಸದವರೂ ಹತ್ತು ಮನೆಗಳಿಗೆ ಮಾತು ಕೊಟ್ಟಿರುತ್ತಾರೆ. ಹೊದಿಕೆ ಮುಗಿದ ಮೇಲೆ ಮೃಗಶಿರೆಯ ಮೊದಲ ದೊಡ್ಡ ಮಳೆಯಲ್ಲಿ ಎರಡು ಮನೆಯವರೂ ತಮ್ಮ ತಮ್ಮ ಅಟ್ಟದಿಂದ ಗಡಿಯ ಸಾಲನ್ನು ನೋಡಿ, ಹನಿ ಕಂಡಲ್ಲಿ ಸುಣ್ಣದ ಗುರುತು ಹಾಕಿಕೊಳ್ಳಬೇಕು. ಮಳೆ ಹೊಳವಾದ ದಿನ ಆ ಗುರುತಿನ ಹಂಚನ್ನು ಮಾತ್ರ ಒಳಗಿನಿಂದಲೇ ಎತ್ತಿ ಕೂರಿಸಿದರೆ ಸಾಕಾಗುತ್ತದೆ. ಕೊಂಡ ಹಂಚಿನಲ್ಲಿ ನೂರಕ್ಕೆ ಐದರಷ್ಟನ್ನು, ಅದೇ ಅಚ್ಚಿನದು, ಹಿತ್ತಿಲ ಗೋಡೆಗೆ ನಿಲ್ಲಿಸಿ ಒರಗಿಸಿಟ್ಟಿರಬೇಕು. ಮಲಗಿಸಿ ಪೇರಿಸಿದರೆ ಅಡಿಯ ಹಂಚುಗಳು ಭಾರಕ್ಕೆ ಬಿರಿಯುತ್ತವೆ.